ಫೈರ್‌ವಾಲ್ ಎರಡಿದ್ದರೂ 'ಸರ್ವರ್ ಡೌನ್' ಆಗುವುದೇಕೆ? ಜೋಡಿ ಸಾಧನಗಳ 'ಸಿಂಕ್' ತಪ್ಪಿದರೆ ಏನಾಗುತ್ತದೆ? ಇಲ್ಲಿದೆ ವಿವರ

ಹೈದರಾಬಾದ್: ಬ್ಯಾಂಕ್‌ಗೆ ಹೋದಾಗ 'ಸರ್ವರ್ ಡೌನ್ ಇದೆ, ಮಧ್ಯಾಹ್ನ ಬನ್ನಿ' ಎಂಬ ಮಾತು ಕೇಳದವರು ವಿರಳ. ಒಂದು ಯಂತ್ರ ಕೆಟ್ಟರೆ ಇನ್ನೊಂದು ಇರಲಿ ಎಂದು ಬ್ಯಾಂಕ್, ಆಸ್ಪತ್ರೆ, ಐಟಿ ಕಂಪನಿಗಳು ಲಕ್ಷಾಂತರ ರೂಪಾಯಿ ಸುರಿದು ಎಲ್ಲವನ್ನೂ ಜೋಡಿಯಾಗಿಯೇ ಖರೀದಿಸುತ್ತವೆ. ನೆಟ್‌ವರ್ಕ್‌ನ ಹೆಬ್ಬಾಗಿಲು ಕಾಯುವ ಫೈರ್‌ವಾಲ್ ಕೂಡ ಎರಡಿರುತ್ತದೆ. ಆದರೂ ಮೊದಲನೆಯದು ಕೈಕೊಟ್ಟ ದಿನ ಎರಡನೆಯದು ಕೆಲಸಕ್ಕೆ ಬಾರದ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಎರಡನೇ ಯಂತ್ರ ಕೆಟ್ಟಿರುವುದಿಲ್ಲ. ದೀಪ ಉರಿಯುತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ. ಆದರೆ ಅದರೊಳಗಿರುವ ನಿಯಮಗಳು ಮೂರು ತಿಂಗಳು ಹಳೆಯವು. ತಂತ್ರಜ್ಞರ ಭಾಷೆಯಲ್ಲಿ ಇದು 'ಕಾನ್ಫಿಗರೇಷನ್ ಸಿಂಕ್ ಫೇಲ್ಯೂರ್'. ಅಂದರೆ ಎರಡು ಸಾಧನಗಳಲ್ಲಿ ಒಂದೇ ಆಗಿರಬೇಕಾದ ಸೆಟ್ಟಿಂಗ್‌ಗಳು ಬೇರೆ ಬೇರೆಯಾಗಿಬಿಡುವುದು.

ಹೈದರಾಬಾದ್‌ಗೆ ಇದೇಕೆ ಮುಖ್ಯ?

ದೇಶದ ಬ್ಯಾಂಕಿಂಗ್ ಜಾಲದ ಜೊತೆ ಹೈದರಾಬಾದ್ ನಂಟು ಹಳೆಯದು. ಭಾರತೀಯ ರಿಸರ್ವ್ ಬ್ಯಾಂಕ್ 1996ರಲ್ಲಿ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಯನ್ನು ಸ್ಥಾಪಿಸಿದ್ದು ಇದೇ ನಗರದಲ್ಲಿ. ಬ್ಯಾಂಕುಗಳನ್ನು ಬೆಸೆಯುವ 'ಇನ್ಫಿನೆಟ್' ಜಾಲ 1999ರಲ್ಲಿ ಶುರುವಾಗಿದ್ದು ಈ ಸಂಸ್ಥೆಯ ಮೂಲಕವೇ. ಯುಪಿಐ ನಡೆಸುವ ಎನ್‌ಪಿಸಿಐ ಡೇಟಾ ಸೆಂಟರ್ ಕೂಡ ಇಲ್ಲಿದೆ. ಅಮೆಜಾನ್ 2022ರ ನವೆಂಬರ್‌ನಲ್ಲಿ ತನ್ನ ಕ್ಲೌಡ್ ಸೇವೆಯ ಹೈದರಾಬಾದ್ ವಲಯ ಆರಂಭಿಸಿತು. ಗಚ್ಚಿಬೌಲಿ, ಮಾದಾಪುರದ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವರಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದ ಕನ್ನಡಿಗರೂ ಇದ್ದಾರೆ. ರಾತ್ರಿ ಎರಡು ಗಂಟೆಗೆ 'ಎಚ್‌ಎ ಔಟ್ ಆಫ್ ಸಿಂಕ್' ಎಂಬ ಅಲರ್ಟ್ ಬಂದಾಗ ಎದ್ದು ಕೂರಬೇಕಾದವರು ಅವರೇ.

ಜೋಡಿ ಫೈರ್‌ವಾಲ್ ಹೇಗೆ ಕೆಲಸ ಮಾಡುತ್ತದೆ?

ಅಪಾರ್ಟ್‌ಮೆಂಟ್ ಒಂದರ ಗೇಟ್ ನೆನಪಿಸಿಕೊಳ್ಳಿ. ಹಗಲಿಗೊಬ್ಬ, ರಾತ್ರಿಗೊಬ್ಬ ವಾಚ್‌ಮನ್. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಟ್ಟಿ ಇಬ್ಬರ ಬಳಿಯೂ ಇರುತ್ತದೆ. ಮೂರನೇ ಮಹಡಿಯ ಬಾಡಿಗೆದಾರರು ಮನೆ ಖಾಲಿ ಮಾಡಿದರು ಎಂದು ಸೆಕ್ರೆಟರಿ ಹಗಲು ವಾಚ್‌ಮನ್‌ಗೆ ಹೇಳುತ್ತಾರೆ. ಆತ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಆದರೆ ರಾತ್ರಿಯವನ ಪುಸ್ತಕಕ್ಕೆ ಅದು ಹೋಗಲಿಲ್ಲ ಎಂದುಕೊಳ್ಳಿ. ಹೊಸ ಬಾಡಿಗೆದಾರರು ರಾತ್ರಿ ಬಂದರೆ ಗೇಟ್ ತೆರೆಯುವುದಿಲ್ಲ, ಹಳಬರು ಬಂದರೆ ಸಲಾಂ ಹೊಡೆದು ಒಳಗೆ ಬಿಡುತ್ತಾನೆ. ಎರಡೂ ತಪ್ಪೇ.

ಫೈರ್‌ವಾಲ್ ಜೋಡಿಯಲ್ಲೂ ಇದೇ ಕಥೆ. ಸಾಮಾನ್ಯವಾಗಿ ಒಂದು ಸಾಧನ 'ಆಕ್ಟಿವ್', ಅಂದರೆ ಎಲ್ಲ ಸಂಚಾರವೂ ಅದರ ಮೂಲಕವೇ. ಇನ್ನೊಂದು 'ಪ್ಯಾಸಿವ್' ಅಥವಾ 'ಸ್ಟ್ಯಾಂಡ್‌ಬೈ', ಅದು ಕಾದು ಕೂತಿರುತ್ತದೆ. ಇವೆರಡರ ನಡುವೆ ಪ್ರತ್ಯೇಕ ಕೇಬಲ್ ಇರುತ್ತದೆ. ಅದರ ಮೂಲಕ 'ನಾನು ಬದುಕಿದ್ದೇನೆ' ಎಂಬ ಸಂದೇಶ ಸೆಕೆಂಡಿಗೊಮ್ಮೆ, ಕೆಲವು ಸಾಧನಗಳಲ್ಲಿ ಅದಕ್ಕಿಂತಲೂ ಬೇಗ ಬೇಗ ಹೋಗುತ್ತದೆ. ಇದಕ್ಕೆ 'ಹಾರ್ಟ್‌ಬೀಟ್' ಎಂದೇ ಹೆಸರು. ಸತತವಾಗಿ ಕೆಲವು ಬಾರಿ ಈ ಬಡಿತ ನಿಂತರೆ, ಎರಡನೆಯದು ಮೊದಲನೆಯದರ ವಿಳಾಸವನ್ನು ತಾನೇ ತೆಗೆದುಕೊಂಡು ಕೆಲಸ ಶುರು ಮಾಡುತ್ತದೆ. ಇದು 'ಫೇಲ್‌ಓವರ್'. ಎಲ್ಲವೂ ಸರಿಯಿದ್ದರೆ ಗ್ರಾಹಕರಿಗೆ ಗೊತ್ತೇ ಆಗುವುದಿಲ್ಲ.

ಸರಿಯಿರಬೇಕಾದರೆ ಎರಡು ಬಗೆಯ ಮಾಹಿತಿ ನಕಲಾಗುತ್ತಿರಬೇಕು. ಒಂದು, ಈಗ ನಡೆಯುತ್ತಿರುವ ಸಂಪರ್ಕಗಳ ಪಟ್ಟಿ. ಇದು 'ಸೆಷನ್ ಸಿಂಕ್'. ಇದು ತಪ್ಪಿದರೆ ಫೇಲ್‌ಓವರ್ ವೇಳೆ ನಡೆಯುತ್ತಿದ್ದ ಕರೆ, ವಹಿವಾಟು ಕಡಿದುಹೋಗುತ್ತದೆ, ಮತ್ತೆ ಪ್ರಯತ್ನಿಸಿದರೆ ಆಯಿತು. ಇನ್ನೊಂದು, ನಿಯಮಗಳ ಪುಸ್ತಕ. ಅದೇ 'ಕಾನ್ಫಿಗರೇಷನ್ ಸಿಂಕ್'. ಇದು ತಪ್ಪಿದರೆ ಎಷ್ಟು ಸಲ ಪ್ರಯತ್ನಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಎರಡನೇ ಸಾಧನಕ್ಕೆ ಆ ನಿಯಮವೇ ಗೊತ್ತಿಲ್ಲ.

ಎರಡೂ ಪುಸ್ತಕ ಒಂದೇ ಎಂದು ಯಂತ್ರಗಳಿಗೆ ತಿಳಿಯುವುದು ಹೇಗೆ? ಸಾವಿರಾರು ಸಾಲುಗಳನ್ನು ಪ್ರತಿ ಬಾರಿ ಓದಿ ಹೋಲಿಸುವ ಬದಲು ಇಡೀ ಸೆಟ್ಟಿಂಗ್‌ನಿಂದ ಒಂದು ಚಿಕ್ಕ ಸಂಖ್ಯೆ ಲೆಕ್ಕ ಹಾಕುವ ವಿಧಾನವಿದೆ. ಇದು 'ಚೆಕ್‌ಸಮ್', ಸೆಟ್ಟಿಂಗ್‌ನ ಬೆರಳಚ್ಚು ಇದ್ದಂತೆ. ಒಂದೇ ಒಂದು ಅಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಫೋರ್ಟಿಗೇಟ್ ಜೋಡಿಗಳು ಹೀಗೆ ಚೆಕ್‌ಸಮ್ ಹೋಲಿಸಿ ನೋಡುತ್ತವೆ. ಪಾಲೊ ಆಲ್ಟೊ ಸಾಧನಗಳ ಡ್ಯಾಶ್‌ಬೋರ್ಡ್‌ನಲ್ಲಿ ಜೋಡಿಯ ಸೆಟ್ಟಿಂಗ್ ಹೊಂದಿಕೆಯಾಗಿದೆಯೇ ಇಲ್ಲವೇ ಎಂಬುದನ್ನು ಬಣ್ಣದ ದೀಪ ತೋರಿಸುತ್ತದೆ. ಎಫ್5 ಸಾಧನಗಳಲ್ಲಿ 'ಚೇಂಜಸ್ ಪೆಂಡಿಂಗ್' ಎಂಬ ಬರಹ ಕಾಣುತ್ತದೆ. ಅಂದರೆ ಯಂತ್ರ ಮುಚ್ಚಿಡುವುದಿಲ್ಲ, ಹೇಳುತ್ತದೆ. ನೋಡುವವರು ಬೇಕಷ್ಟೇ.

ಸಿಂಕ್ ತಪ್ಪುವುದು ಯಾಕೆ?

ಬಹುತೇಕ ಸಂದರ್ಭಗಳಲ್ಲಿ ಕಾರಣ ತೀರಾ ಸಾಮಾನ್ಯ. ಮೊದಲನೆಯದಾಗಿ, ತಪ್ಪು ಯಂತ್ರಕ್ಕೆ ಲಾಗಿನ್ ಆಗುವುದು. ತುರ್ತು ಕರೆ ಬಂದಿದೆ, ಎಂಜಿನಿಯರ್ ಅವಸರದಲ್ಲಿ ಸ್ಟ್ಯಾಂಡ್‌ಬೈ ಸಾಧನಕ್ಕೆ ಹೊಕ್ಕು ನಿಯಮ ಬದಲಿಸುತ್ತಾರೆ. ಸಿಸ್ಕೋ ಎಎಸ್‌ಎ ಸಾಧನದಲ್ಲಿ ಹೀಗೆ ಮಾಡಿದರೆ 'ಸ್ಟ್ಯಾಂಡ್‌ಬೈಯಿಂದ ಆಕ್ಟಿವ್‌ಗೆ ಸೆಟ್ಟಿಂಗ್ ನಕಲಾಗುವುದಿಲ್ಲ, ಇನ್ನು ಮುಂದೆ ಎರಡೂ ಹೊಂದಿಕೆಯಲ್ಲಿಲ್ಲ' ಎಂಬ ಅರ್ಥದ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ. ಬರುವುದೇನೋ ಹೌದು, ಆದರೆ ಬದಲಾವಣೆಯನ್ನು ಅದು ತಡೆಯುವುದಿಲ್ಲ.

ಎರಡನೇ ಕಾರಣ ಅರ್ಧಕ್ಕೆ ನಿಂತ ಅಪ್‌ಗ್ರೇಡ್. ಸೇವೆ ನಿಲ್ಲಬಾರದೆಂದು ಜೋಡಿ ಸಾಧನಗಳ ಸಾಫ್ಟ್‌ವೇರ್ ಅನ್ನು ಒಂದಾದ ಮೇಲೊಂದರಂತೆ ಬದಲಿಸುತ್ತಾರೆ. ಈ ಶನಿವಾರ ಒಂದು, ಮುಂದಿನ ಶನಿವಾರ ಇನ್ನೊಂದು ಎಂದು ಬಿಟ್ಟರೆ ನಡುವಿನ ವಾರದಲ್ಲಿ ಎರಡರ ಆವೃತ್ತಿ ಬೇರೆ ಬೇರೆ. ಹೊಸ ಆವೃತ್ತಿಗೆ ಅರ್ಥವಾಗುವ ಸೆಟ್ಟಿಂಗ್ ಹಳೆಯದಕ್ಕೆ ಅರ್ಥವಾಗದಿರಬಹುದು. ಹಬ್ಬ, ತಿಂಗಳ ಕೊನೆ, ಬದಲಾವಣೆಗೆ ನಿಷೇಧದ ಅವಧಿ ಎಂದು ಮುಂದೂಡುತ್ತಾ ಹೋದರೆ ಒಂದು ವಾರದ ಅಂತರ ಎರಡು ತಿಂಗಳಾದರೂ ಅಚ್ಚರಿಯಿಲ್ಲ.

ಇನ್ನು ಗುಪ್ತ ಕೀಲಿಗಳ ಸಮಸ್ಯೆ. ಪಾಸ್‌ವರ್ಡ್, ಪ್ರಮಾಣಪತ್ರಗಳನ್ನು ಫೈರ್‌ವಾಲ್ ತನ್ನೊಳಗೆ ಗೂಢಲಿಪಿ ಮಾಡಿಟ್ಟುಕೊಳ್ಳುತ್ತದೆ. ಅದಕ್ಕೆ ಬಳಸುವ 'ಮಾಸ್ಟರ್ ಕೀ' ಎರಡರಲ್ಲೂ ಒಂದೇ ಆಗಿರಬೇಕು. ಒಂದರಲ್ಲಿ ಮಾತ್ರ ಕೀಲಿ ಬದಲಿಸಿದರೆ, ಅಲ್ಲಿಂದ ಬಂದ ಸೆಟ್ಟಿಂಗ್ ಅನ್ನು ಇನ್ನೊಂದಕ್ಕೆ ಬಿಡಿಸಿ ಓದಲು ಆಗುವುದಿಲ್ಲ. ಒಂದರ ಲೈಸೆನ್ಸ್ ನವೀಕರಿಸಿ ಇನ್ನೊಂದರದ್ದು ಮರೆಯುವುದು, ಕೇಬಲ್ ಸಡಿಲವಾಗುವುದು, ಎರಡರ ನಡುವೆ ಹಾಕಿದ ಸ್ವಿಚ್ ದೊಡ್ಡ ಪ್ಯಾಕೆಟ್‌ಗಳನ್ನು ಬೀಳಿಸುವುದು, ಡಿಸ್ಕ್ ತುಂಬಿಹೋಗುವುದು, ಇವೂ ಇವೆ. ಸ್ವಿಚ್ ಪ್ರಕರಣ ಪತ್ತೆ ಹಚ್ಚುವುದು ಬಲು ಕಷ್ಟ. ಹಾರ್ಟ್‌ಬೀಟ್ ಸಂದೇಶ ಚಿಕ್ಕದು, ಸಲೀಸಾಗಿ ಹೋಗುತ್ತದೆ. ಸೆಟ್ಟಿಂಗ್‌ನ ಫೈಲ್ ದೊಡ್ಡದು, ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಜೋಡಿ 'ಆರೋಗ್ಯವಾಗಿದೆ' ಎಂದೇ ಕಾಣುತ್ತದೆ.

ಎಲ್ಲವೂ ನಕಲಾಗುವುದಿಲ್ಲ ಎಂಬುದು ನೆನಪಿರಲಿ

ಹಲವರು ಎಡವುವುದು ಇಲ್ಲೇ. 'ಸಿಂಕ್ ಆಗಿದೆ' ಎಂದು ಹಸಿರು ದೀಪ ತೋರಿಸಿದರೂ ಕೆಲವು ಸಂಗತಿಗಳು ನಕಲಾಗುವ ಪಟ್ಟಿಯಲ್ಲೇ ಇರುವುದಿಲ್ಲ. ಸಾಧನದ ಹೆಸರು, ನಿರ್ವಹಣಾ ವಿಳಾಸ, ಆದ್ಯತಾ ಸಂಖ್ಯೆ ಇವು ಬೇರೆಯೇ ಇರಬೇಕು, ಅದು ಸರಿ. ಆದರೆ ಎಎಸ್‌ಎ ಸಾಧನಗಳಲ್ಲಿ ಮನೆಯಿಂದ ಕೆಲಸ ಮಾಡುವವರು ಬಳಸುವ ಎನಿಕನೆಕ್ಟ್ ವಿಪಿಎನ್ ತಂತ್ರಾಂಶದ ಫೈಲ್‌ಗಳೂ ತಾವಾಗಿ ಎರಡನೇ ಸಾಧನಕ್ಕೆ ಹೋಗುವುದಿಲ್ಲ. ಕೈಯಾರೆ ಹಾಕಬೇಕು. ಹಾಕದಿದ್ದರೆ? ಕಚೇರಿಯೊಳಗಿನವರಿಗೆ ಎಲ್ಲವೂ ಸರಿ. ಫೇಲ್‌ಓವರ್ ಆದ ಕ್ಷಣದಿಂದ ಕುಕಟ್‌ಪಲ್ಲಿಯಲ್ಲೋ ಹುಮನಾಬಾದ್‌ನಲ್ಲೋ ಮನೆಯಿಂದ ಲಾಗಿನ್ ಆಗಲು ಕೂತವರಿಗೆ ಮಾತ್ರ ಸಂಪರ್ಕ ಸಿಗುವುದಿಲ್ಲ. ದೂರು ಬಂದಾಗ ಮೊದಲು ಸಿಗುವ ಉತ್ತರ, 'ನಿಮ್ಮ ಇಂಟರ್‌ನೆಟ್ ನೋಡಿಕೊಳ್ಳಿ' ಎಂಬುದು.

ಸದ್ದಿಲ್ಲದ ಅಪಾಯ

ನಿಯಮ ಇಲ್ಲದೆ ಸೇವೆ ನಿಂತರೆ ಕನಿಷ್ಠ ಗೊತ್ತಾಗುತ್ತದೆ. ಜನ ಕೂಗುತ್ತಾರೆ, ಅರ್ಧ ಗಂಟೆಯಲ್ಲಿ ಯಾರಾದರೂ ಸರಿಪಡಿಸುತ್ತಾರೆ. ತಡೆ ನಿಯಮಗಳು ಎರಡನೇ ಸಾಧನಕ್ಕೆ ತಲುಪದಿದ್ದರೆ ಯಾರೂ ಕೂಗುವುದಿಲ್ಲ. ಕಳೆದ ತಿಂಗಳು ಅಪಾಯಕಾರಿ ಎಂದು ಮುಚ್ಚಿದ ವಿಳಾಸ ಫೇಲ್‌ಓವರ್ ನಂತರ ಮತ್ತೆ ತೆರೆದುಕೊಳ್ಳುತ್ತದೆ. ಕೆಲಸ ಬಿಟ್ಟ ನೌಕರರ ಖಾತೆ ಮತ್ತೆ ಜೀವಂತ. ಗುತ್ತಿಗೆದಾರ ಕಂಪನಿಗೆ ಎರಡು ದಿನಕ್ಕೆಂದು ಕೊಟ್ಟಿದ್ದ ಪ್ರವೇಶ ಇನ್ನೂ ಚಾಲ್ತಿ. ಎಲ್ಲ ಸೇವೆಗಳೂ ಚೆನ್ನಾಗಿಯೇ ನಡೆಯುತ್ತಿರುತ್ತವೆ, ಸ್ವಲ್ಪ ಹೆಚ್ಚೇ ಚೆನ್ನಾಗಿ.

ಸಂಪರ್ಕ ಕೇಬಲ್‌ಗಳು ಪೂರ್ತಿ ಕಡಿದುಹೋದರೆ ಇನ್ನೊಂದು ಗೋಳು. ಮೊದಲನೆಯದು ಸತ್ತಿದೆ ಎಂದು ಎರಡನೆಯದು ಭಾವಿಸಿ ತಾನೂ ಆಕ್ಟಿವ್ ಆಗುತ್ತದೆ. ಮೊದಲನೆಯದು ಬದುಕಿಯೇ ಇರುತ್ತದೆ. ಒಂದೇ ಊರಿಗೆ ಇಬ್ಬರು ಗೌಡರು! ಒಂದೇ ವಿಳಾಸವನ್ನು ಇಬ್ಬರೂ ತಮ್ಮದೆನ್ನುತ್ತಾರೆ, ಸಂಚಾರ ಅತ್ತಿತ್ತ ಎಗರಾಡುತ್ತದೆ. ಇದನ್ನು 'ಸ್ಪ್ಲಿಟ್ ಬ್ರೈನ್' ಎನ್ನುತ್ತಾರೆ. ಹೀಗಾಗಬಾರದೆಂದೇ ಒಂದಲ್ಲ, ಎರಡು ಹಾರ್ಟ್‌ಬೀಟ್ ಕೇಬಲ್‌ಗಳನ್ನು ಬೇರೆ ಬೇರೆ ದಾರಿಯಲ್ಲಿ ಹಾಕಲು ಸಲಹೆ ನೀಡಲಾಗುತ್ತದೆ.

ಸರಿಪಡಿಸಲು ಹೋಗಿ ಕೆಡಿಸುವುದು

ಸಿಂಕ್ ತಪ್ಪಿದೆ ಎಂದು ಗೊತ್ತಾದ ಮೇಲೆ ಅವಸರ ಸಲ್ಲದು. ನಕಲು ಯಾವ ದಿಕ್ಕಿಗೆ ಹೋಗಬೇಕು ಎಂಬುದೇ ಇಲ್ಲಿ ಪ್ರಶ್ನೆ. ಹಳೆಯ ಪುಸ್ತಕವಿರುವ ಸಾಧನದಲ್ಲಿ ಕೂತು 'ಜೋಡಿಗೆ ಕಳುಹಿಸು' ಎಂಬ ಗುಂಡಿ ಒತ್ತಿದರೆ ಹೊಸ ಪುಸ್ತಕದ ಮೇಲೆ ಹಳೆಯದು ಬರೆಯಲ್ಪಡುತ್ತದೆ.

ಇದರ ಅತಿ ಕೆಟ್ಟ ರೂಪ ಕಾಣುವುದು ಕೆಟ್ಟ ಸಾಧನದ ಬದಲಿಗೆ ಕಂಪನಿಯಿಂದ ಹೊಸದು ಬಂದಾಗ. ಹೊಸ ಪೆಟ್ಟಿಗೆಯಲ್ಲಿ ನಿಯಮಗಳೇ ಇರುವುದಿಲ್ಲ, ಖಾಲಿ ಪುಸ್ತಕ. ಅದಕ್ಕೆ ಆದ್ಯತೆ ಹೆಚ್ಚು ಕೊಟ್ಟು, 'ಆದ್ಯತೆ ಹೆಚ್ಚಿರುವವರೇ ಆಕ್ಟಿವ್' ಎಂಬ ಆಯ್ಕೆಯನ್ನೂ ಚಾಲೂ ಇಟ್ಟು ಕೇಬಲ್ ಚುಚ್ಚಿದರೆ, ಖಾಲಿ ಸಾಧನವೇ ಯಜಮಾನನಾಗಿ ತನ್ನ ಖಾಲಿ ಪುಸ್ತಕವನ್ನು ಕೆಲಸ ಮಾಡುತ್ತಿದ್ದ ಸಾಧನದ ಮೇಲೆ ಹೇರಿಬಿಡಬಹುದು. ಒಂದು ಕೆಟ್ಟಿದ್ದು ಎರಡಾಗುತ್ತದೆ. ಅನುಭವಿ ಎಂಜಿನಿಯರ್‌ಗಳು ಇದಕ್ಕೆ ಅನುಸರಿಸುವ ಕ್ರಮ ಸರಳ: ಮೊದಲು ಎರಡೂ ಸಾಧನಗಳ ಸೆಟ್ಟಿಂಗ್ ಬ್ಯಾಕಪ್ ಹೊರಗೆ ತೆಗೆದಿಡುವುದು, ಹೊಸ ಸಾಧನದಲ್ಲಿ ಅದೇ ಆವೃತ್ತಿಯ ಸಾಫ್ಟ್‌ವೇರ್ ಹಾಕುವುದು, ಅದರ ಆದ್ಯತೆ ಕಡಿಮೆ ಮಾಡುವುದು, ಆಮೇಲಷ್ಟೇ ಹಾರ್ಟ್‌ಬೀಟ್ ಕೇಬಲ್ ಜೋಡಿಸುವುದು. ಇತರ ಕೇಬಲ್‌ಗಳ ಸರದಿ ಕೊನೆಗೆ.

ಟೋಕಿಯೊದಲ್ಲಿ ಇಡೀ ದಿನ ಬಂದ್

ಜೋಡಿ ಇದ್ದೂ ಸೋತ ದೊಡ್ಡ ಉದಾಹರಣೆ ಜಪಾನ್‌ನದು. 2020ರ ಅಕ್ಟೋಬರ್ 1ರಂದು ಟೋಕಿಯೊ ಷೇರು ವಿನಿಮಯ ಕೇಂದ್ರದಲ್ಲಿ ದಿನವಿಡೀ ವಹಿವಾಟು ನಡೆಯಲಿಲ್ಲ. 1999ರಲ್ಲಿ ಪೂರ್ಣ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಬದಲಾದ ನಂತರ ಹೀಗಾಗಿದ್ದು ಅದೇ ಮೊದಲು. ಅಲ್ಲಿ ಕೆಟ್ಟಿದ್ದು ಫೈರ್‌ವಾಲ್ ಅಲ್ಲ, 'ಆ್ಯರೋಹೆಡ್' ವಹಿವಾಟು ವ್ಯವಸ್ಥೆಯ ಡೇಟಾ ಸಂಗ್ರಹ ಸಾಧನ. ಜೋಡಿಯಲ್ಲಿ ಒಂದರ ಮೆಮೊರಿ ಕೈಕೊಟ್ಟಿತು. ಎರಡನೆಯದು ಪಕ್ಕದಲ್ಲೇ ಸರಿಯಾಗಿತ್ತು, ಆದರೆ ಕೆಲಸ ಅದಕ್ಕೆ ವರ್ಗವಾಗಲಿಲ್ಲ. ಕಾರಣ, ತಾನಾಗಿ ಬದಲಾಗಬೇಕೇ ಎಂಬ ಒಂದು ಸೆಟ್ಟಿಂಗ್ 'ಆಫ್' ಆಗಿತ್ತು. ಆಫ್ ಇದ್ದರೂ ಬದಲಾಗುತ್ತದೆ ಎಂದು ಕೈಪಿಡಿ ಹೇಳುತ್ತಿತ್ತು. ಸಾಧನದ ವರ್ತನೆ ಬದಲಾಗಿದ್ದರೂ ಕೈಪಿಡಿ ಬದಲಾಗಿರಲಿಲ್ಲ. ವಿನಿಮಯ ಕೇಂದ್ರದ ಅಧ್ಯಕ್ಷ ಕೊಯಿಚಿರೊ ಮಿಯಾಹಾರಾ ಆ ವರ್ಷದ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು.

ನಮ್ಮಲ್ಲೂ 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ವಹಿವಾಟು ಬೆಳಗ್ಗೆ 11.40ಕ್ಕೆ ನಿಂತು ಮಧ್ಯಾಹ್ನ 3.45ಕ್ಕೆ ಮತ್ತೆ ಶುರುವಾಯಿತು. ಬೇರೆ ಬೇರೆ ಎರಡು ಟೆಲಿಕಾಂ ಕಂಪನಿಗಳ ಸಂಪರ್ಕವಿತ್ತು, ಎರಡರಲ್ಲೂ ಒಟ್ಟಿಗೇ ತೊಂದರೆಯಾಯಿತು. ಡೇಟಾ ಸಂಗ್ರಹ ವ್ಯವಸ್ಥೆಯೂ ನಿರೀಕ್ಷಿಸಿದಂತೆ ವರ್ತಿಸಲಿಲ್ಲ.

ಹೈದರಾಬಾದ್ ಬ್ಯಾಂಕ್ ಕಲಿತದ್ದು

ಫೈರ್‌ವಾಲ್ ಹೆಸರಿಗಷ್ಟೇ ಇದ್ದರೆ ಏನಾಗುತ್ತದೆ ಎಂಬುದನ್ನು ಹೈದರಾಬಾದ್ 2022ರ ಜನವರಿಯಲ್ಲಿ ಕಂಡಿತು. ಎ.ಪಿ. ಮಹೇಶ್ ಕೋ-ಆಪರೇಟಿವ್ ಅರ್ಬನ್ ಬ್ಯಾಂಕ್ ವ್ಯವಸ್ಥೆಗೆ ನುಗ್ಗಿದ ಹ್ಯಾಕರ್‌ಗಳು 12 ಕೋಟಿ ರೂಪಾಯಿಗೂ ಹೆಚ್ಚು ಹಣ ದೋಚಿದರು. ಇದು ಸಿಂಕ್ ತಪ್ಪಿದ ಪ್ರಕರಣವಲ್ಲ. ಬ್ಯಾಂಕ್ ಸಿಬ್ಬಂದಿಗೆ 2021ರ ನವೆಂಬರ್‌ನಲ್ಲೇ ನಕಲಿ ಇಮೇಲ್‌ಗಳು ಬಂದಿದ್ದವು, ಅವುಗಳನ್ನು ತೆರೆದಾಗ ದೂರದಿಂದ ಕಂಪ್ಯೂಟರ್ ನಿಯಂತ್ರಿಸುವ ಕುತಂತ್ರಾಂಶ ಒಳಸೇರಿತ್ತು. ಬ್ಯಾಂಕ್‌ನ ಫೈರ್‌ವಾಲ್ ಲೈಸೆನ್ಸ್ ಊರ್ಜಿತವಾಗಿರಲಿಲ್ಲ, ನುಸುಳುಕೋರರನ್ನು ಪತ್ತೆ ಹಚ್ಚುವ ಸರಿಯಾದ ವ್ಯವಸ್ಥೆ ಇರಲಿಲ್ಲ ಎಂದು ಆಗಿನ ನಗರ ಪೊಲೀಸ್ ಆಯುಕ್ತ ಸಿ.ವಿ. ಆನಂದ್ ಹೇಳಿದ್ದರು. ಸೈಬರ್ ಭದ್ರತೆಯ ನಿಯಮ ಪಾಲಿಸದ್ದಕ್ಕೆ ಆರ್‌ಬಿಐ 2023ರಲ್ಲಿ ಬ್ಯಾಂಕ್‌ಗೆ 65 ಲಕ್ಷ ರೂಪಾಯಿ ದಂಡ ವಿಧಿಸಿತು.

ಈ ಪ್ರಕರಣಕ್ಕೂ ಜೋಡಿ ಫೈರ್‌ವಾಲ್‌ಗೂ ಸಂಬಂಧ ಇಷ್ಟೇ: ಲೈಸೆನ್ಸ್ ಮುಗಿದ ಫೈರ್‌ವಾಲ್ ಕೂಡ ರ‍್ಯಾಕ್‌ನಲ್ಲಿ ದೀಪ ಉರಿಸಿಕೊಂಡೇ ಇರುತ್ತದೆ. ಹೊಸ ದಾಳಿಗಳ ಗುರುತುಗಳು ಅದಕ್ಕೆ ಬರುವುದು ನಿಂತಿರುತ್ತದೆ. ಜೋಡಿಯಲ್ಲಿ ಒಂದರ ಲೈಸೆನ್ಸ್ ಮಾತ್ರ ಮುಗಿದಿದ್ದರೆ ಫೇಲ್‌ಓವರ್ ಆದ ದಿನ ಆ ಸಂಸ್ಥೆಯ ಸ್ಥಿತಿಯೂ ಅದೇ. ಸಣ್ಣ ಸಹಕಾರಿ ಬ್ಯಾಂಕ್‌ಗಳಿಗೆ ಈ ಹೊರೆ ದೊಡ್ಡದು ಎಂಬುದೂ ನಿಜ. ಎರಡು ಸಾಧನ, ಎರಡು ಲೈಸೆನ್ಸ್, ನೋಡಿಕೊಳ್ಳಲು ಒಬ್ಬರೋ ಇಬ್ಬರೋ ಸಿಬ್ಬಂದಿ. ಉಳಿದದ್ದು ಹೊರಗುತ್ತಿಗೆ.

ನಿಯಮ ಏನು ಹೇಳುತ್ತದೆ?

ಆರ್‌ಬಿಐ 2023ರ ನವೆಂಬರ್ 7ರಂದು ಐಟಿ ಆಡಳಿತ ಕುರಿತ ಸಮಗ್ರ ನಿರ್ದೇಶನ ಹೊರಡಿಸಿತು. ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮುಖ್ಯ ಡೇಟಾ ಸೆಂಟರ್ ಮತ್ತು ವಿಪತ್ತಿನ ವೇಳೆ ಬಳಸುವ ಬದಲಿ ಕೇಂದ್ರ, ಈ ಎರಡರಲ್ಲೂ ಸಾಧನಗಳ ಸೆಟ್ಟಿಂಗ್ ಹಾಗೂ ಭದ್ರತಾ ಪ್ಯಾಚ್‌ಗಳು ಒಂದೇ ಆಗಿರಬೇಕು ಎಂದು ಅದರಲ್ಲಿ ಹೇಳಲಾಗಿದೆ. ಒಂದೇ ರ‍್ಯಾಕ್‌ನ ಎರಡು ಪೆಟ್ಟಿಗೆಗಳ ಸಮಸ್ಯೆಯೇ ಇಲ್ಲಿ ಎರಡು ಊರುಗಳ ನಡುವಿನ ಸಮಸ್ಯೆಯಾಗಿದೆ. ಅಲ್ಲಿ ತಾನಾಗಿ ನಕಲು ಮಾಡುವ ಕೇಬಲ್ ಇರುವುದಿಲ್ಲವಾದ್ದರಿಂದ ಇನ್ನಷ್ಟು ಕಷ್ಟ.

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಎಲ್ಲ ಯಂತ್ರಗಳ ಗಡಿಯಾರ ಹೊಂದಿಕೆಯಲ್ಲಿರಬೇಕು. ಫೇಲ್‌ಓವರ್ ನಂತರದ ಲಾಗ್‌ಗಳು ಎರಡನೇ ಸಾಧನದಲ್ಲಿರುತ್ತವೆ. ಅದರಿಂದ ಲಾಗ್ ಸಂಗ್ರಹಿಸುವ ವ್ಯವಸ್ಥೆಯನ್ನೇ ಹಾಕಿರದಿದ್ದರೆ, ತನಿಖೆಗೆ ಬೇಕಾದ ಆ ಕೆಲವು ಗಂಟೆಗಳ ದಾಖಲೆ ಇರುವುದಿಲ್ಲ.

ಹಾಗಾದರೆ ನೋಡಬೇಕಾದ್ದೇನು?

ಸಾಧನ ಚಾಲೂ ಇದೆಯೇ ಎಂಬುದನ್ನಷ್ಟೇ ನೋಡುವ ನಿಗಾ ವ್ಯವಸ್ಥೆ ಸಾಲದು. ಎರಡರ ಚೆಕ್‌ಸಮ್ ಒಂದೇ ಇದೆಯೇ, ಸಾಫ್ಟ್‌ವೇರ್ ಆವೃತ್ತಿ ಒಂದೇ ಇದೆಯೇ, ಲೈಸೆನ್ಸ್ ಎಂದು ಮುಗಿಯುತ್ತದೆ ಎಂಬುದೂ ಅಲರ್ಟ್ ಪಟ್ಟಿಯಲ್ಲಿರಬೇಕು. ಅಲರ್ಟ್ ಹೋಗುವುದು ಮೂವತ್ತು ಜನರಿರುವ ಇಮೇಲ್ ಗುಂಪಿಗಾದರೆ ಯಾರೂ ಓದುವುದಿಲ್ಲ, ಆ ದಿನದ ಪಾಳಿಯಲ್ಲಿರುವ ಒಬ್ಬರ ಫೋನ್‌ಗೆ ಹೋಗಬೇಕು. ಯಾವುದೇ ಬದಲಾವಣೆಯ ಟಿಕೆಟ್ ಮುಚ್ಚುವ ಮುನ್ನ 'ಎರಡನೇ ಸಾಧನಕ್ಕೂ ತಲುಪಿದೆ' ಎಂಬ ಚಿತ್ರ ಲಗತ್ತಿಸಬೇಕು ಎಂದು ನಿಯಮ ಮಾಡಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಪರಿಹಾರ. ಖರ್ಚೂ ಇಲ್ಲ.

ಇನ್ನುಳಿದದ್ದು ಅಣಕು ಪರೀಕ್ಷೆ. ಇದನ್ನು ಹಲವು ಕಡೆ ಭಾನುವಾರ ನಸುಕಿನಲ್ಲಿ ಹತ್ತು ನಿಮಿಷ ಎರಡನೇ ಸಾಧನಕ್ಕೆ ಬದಲಿಸಿ, ಒಂದು ವೆಬ್‌ಸೈಟ್ ತೆರೆದು ನೋಡಿ, ವಾಪಸ್ ಮೊದಲನೆಯದಕ್ಕೆ ತಂದು ಮುಗಿಸುತ್ತಾರೆ. ಆ ಹೊತ್ತಿನಲ್ಲಿ ಸಂಬಳದ ಫೈಲ್ ಹೋಗುವುದಿಲ್ಲ, ಶಾಖೆಗಳು ತೆರೆದಿರುವುದಿಲ್ಲ, ಮನೆಯಿಂದ ಯಾರೂ ವಿಪಿಎನ್‌ಗೆ ಬರುವುದಿಲ್ಲ. ತಲುಪದ ನಿಯಮ ಯಾವುದೆಂದು ಗೊತ್ತಾಗುವುದಾದರೂ ಹೇಗೆ? ಆರ್‌ಬಿಐ ನಿರ್ದೇಶನ ಈ ವಿಷಯದಲ್ಲಿ ಗಟ್ಟಿಯಾಗಿದೆ. ಮುಖ್ಯ ವ್ಯವಸ್ಥೆಗಳಿಗೆ ಕನಿಷ್ಠ ಆರು ತಿಂಗಳಿಗೊಮ್ಮೆ ಇಂಥ ಪರೀಕ್ಷೆ ಆಗಬೇಕು, ಬದಲಿ ಕೇಂದ್ರದಿಂದಲೇ ಕನಿಷ್ಠ ಒಂದು ಪೂರ್ಣ ಕೆಲಸದ ದಿನ, ಬೆಳಗಿನ ಆರಂಭದಿಂದ ದಿನದ ಲೆಕ್ಕ ಮುಗಿಯುವವರೆಗೆ, ವ್ಯವಹಾರ ನಡೆಸಿ ನೋಡಬೇಕು ಎನ್ನುತ್ತದೆ ಅದು.